ಅಮೆರಿಕದಿಂದ ಅಜ್ಜಿ ಒಬ್ಬರೇ ಬರುತ್ತಾರೆ

ಮಗಳ ಬಾಣಂತನ ಮುಗಿಸಿಕೊಂಡು ನಮ್ಮ ಅತ್ತೆ ನ್ಯೂಜೆರ್ಸಿಯಿಂದ ಬೆಂಗಳೂರಿಗೆ ಒಬ್ಬರೇ ಬಂದರು. ವಯಸ್ಸು 74. ಎರಡೂ ಮೊಣಕಾಲು ಸವೆದಿವೆ, ಕನ್ನಡ ಬಿಟ್ಟರೆ ಬೇರೆ ಭಾಷೆ ಬಾರದು. ಯುರೋಪಿನ ಒಂದು ನಿಲ್ದಾಣದಲ್ಲಿ ವಿಮಾನ ಬದಲಿಸಬೇಕಿತ್ತು. ಅಲ್ಲಿ ವೀಲ್‌ಚೇರ್ ತಳ್ಳಿಕೊಂಡು ಬಂದ ಹುಡುಗ ಅವರನ್ನು ಒಂದು ಮೂಲೆಯಲ್ಲಿ, ಏಳೆಂಟು ಮಂದಿ ವಯಸ್ಸಾದವರ ಸಾಲಿನಲ್ಲಿ ಕೂರಿಸಿ ಹೋದ. ಎರಡು ಗಂಟೆ ಯಾರೂ ಇತ್ತ ತಿರುಗಿ ನೋಡಲಿಲ್ಲ. ಬಾತ್‌ರೂಮಿಗೆ ಹೋಗಬೇಕೆಂದು ಯಾರಿಗೆ ಹೇಳುವುದು, ಹೇಗೆ ಹೇಳುವುದು ತಿಳಿಯದೆ, ನೀರು ಕುಡಿದರೆ ಇನ್ನೂ ಕಷ್ಟವಾದೀತೆಂದು ಬಾಟಲಿಯನ್ನೂ ಮುಟ್ಟದೆ ಕೂತಿದ್ದರಂತೆ. ಮನೆಗೆ ಬಂದ ಮೇಲೆ ನಾವು ಸಿಟ್ಟಾದರೆ ಅವರೇ ಸಮಾಧಾನ ಹೇಳಿದರು: “ಪುಕ್ಕಟೆ ಕೂರಿಸಿಕೊಂಡು ತಳ್ತಾರೆ, ನಾವೇನಂತ ಕೇಳೋದು?”

ಆ “ಪುಕ್ಕಟೆ” ಎನ್ನುವ ಮಾತು ನನ್ನ ಮನಸ್ಸಿನಲ್ಲಿ ಇನ್ನೂ ಚುಚ್ಚುತ್ತಿದೆ. ನಮ್ಮ ಹಿರಿಯರು ಪರದೇಶದ ನಿಲ್ದಾಣಗಳಲ್ಲಿ ಕೈಕಟ್ಟಿ ಕೂರುವುದಕ್ಕೆ ಮೊಣಕಾಲಿಗಿಂತ ಹೆಚ್ಚಾಗಿ ಈ ಸಂಕೋಚವೇ ಕಾರಣ. ನಡೆಯಲಾಗದ ಪ್ರಯಾಣಿಕರನ್ನು ಬಾಗಿಲಿಂದ ಬಾಗಿಲಿಗೆ ತಲುಪಿಸುವುದು ಕಾನೂನು ಹೊರಿಸಿರುವ ಕರ್ತವ್ಯ. ಅದಕ್ಕೆ ಬೇರೆ ದುಡ್ಡು ಕೇಳುವಂತಿಲ್ಲ ಎಂಬುದೂ ಅದೇ ಕಾನೂನಿನ ಮಾತು.

ಅತ್ತೆ ಕೂತಿದ್ದ ಯುರೋಪಿನಲ್ಲಿ ಇದಕ್ಕೆ 2006ರ 1107ನೇ ನಿಯಮಾವಳಿ ಇದೆ. ಅಲ್ಲಿಂದ ಹೊರಡುವವರಿಗೆ, ಅಲ್ಲಿ ಇಳಿಯುವವರಿಗೆ ಮಾತ್ರವಲ್ಲ, ವಿಮಾನ ಬದಲಿಸಲು ಇಳಿದವರಿಗೂ ಅದು ಅನ್ವಯಿಸುತ್ತದೆ. ಮುಂದಿನ ವಿಮಾನಕ್ಕೆ ತಲುಪಿಸುವುದು, ಅಗತ್ಯವಿದ್ದರೆ ಶೌಚಾಲಯಕ್ಕೆ ಕರೆದೊಯ್ಯುವುದು ನಿಲ್ದಾಣದ ಹೊಣೆ ಎಂದು ಅದರ ಅನುಬಂಧದಲ್ಲೇ ಬರೆದಿದೆ. ಅಮೆರಿಕದ ನಿಲ್ದಾಣಗಳಲ್ಲಿ ನಿಯಮ ಇನ್ನೂ ಖಚಿತ. ನೆರವು ಕೇಳಿದ, ತಾನಾಗಿ ಓಡಾಡಲಾಗದ ಪ್ರಯಾಣಿಕರನ್ನು ವೀಲ್‌ಚೇರಿನಲ್ಲಿ 30 ನಿಮಿಷಕ್ಕಿಂತ ಹೆಚ್ಚು ಹೊತ್ತು ಒಂಟಿಯಾಗಿ ಬಿಡುವಂತಿಲ್ಲ. ಏನಾದರೂ ತಕರಾರಾದರೆ ‘ಕಂಪ್ಲೇಂಟ್ ರೆಸಲ್ಯೂಷನ್ ಅಫಿಷಿಯಲ್’ ಎಂಬ ಅಧಿಕಾರಿಯನ್ನು ಕರೆಸಿ ಎಂದು ಸ್ಥಳದಲ್ಲೇ ಕೇಳಬಹುದು. ಅಂಥವರೊಬ್ಬರು ಮುಖಾಮುಖಿಯಾಗಿಯೋ ಫೋನಿನಲ್ಲೋ ಸಿಗುವಂತೆ ಪ್ರತಿ ವಿಮಾನ ಸಂಸ್ಥೆಯೂ ನೋಡಿಕೊಳ್ಳಬೇಕು. ಲಿಖಿತ ದೂರನ್ನು ಘಟನೆ ನಡೆದ 45 ದಿನದೊಳಗೆ ಕಳುಹಿಸಿದರೆ 30 ದಿನದೊಳಗೆ ಉತ್ತರ ಕೊಡಲೇಬೇಕು. ಭಾರತದಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಇದೇ ನೆರವನ್ನು ವಿಮಾನದಿಂದ ಟರ್ಮಿನಲ್‌ನ ಹೊರಬಾಗಿಲವರೆಗೂ ಕೊಡಬೇಕೆಂದು ವಿಮಾನ ಸಂಸ್ಥೆಗಳಿಗೆ ವಿಧಿಸಿದೆ. ಬೆಂಗಳೂರಿನ ಎರಡನೇ ಟರ್ಮಿನಲ್‌ನಲ್ಲಿ ಇಳಿದ ಅಜ್ಜಿಯನ್ನು ಸಾಮಾನಿನ ಬೆಲ್ಟ್ ಹತ್ತಿರ ಬಿಟ್ಟು “ಮುಂದೆ ನೀವೇ ಹೋಗಿ” ಎನ್ನುವ ಹಾಗಿಲ್ಲ.

ಇದು ಉಡಾಫೆ ಮಾಡುವ ವಿಷಯವಲ್ಲ. 2024ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್‌ನಿಂದ ಮುಂಬೈಗೆ ಬಂದ 80 ವರ್ಷದ ಹಿರಿಯರೊಬ್ಬರಿಗೆ ವೀಲ್‌ಚೇರ್ ಸಿಗಲಿಲ್ಲ. ಪತ್ನಿ ಕೂತಿದ್ದ ವೀಲ್‌ಚೇರಿನ ಜೊತೆ ನಡೆದು ಹೊರಟವರು ಕುಸಿದು ಬಿದ್ದರು, ಜೀವ ಉಳಿಯಲಿಲ್ಲ. ಬೇಡಿಕೆ ಹೆಚ್ಚಿದ್ದರಿಂದ ಸ್ವಲ್ಪ ಕಾಯಲು ಕೇಳಿದ್ದೆವು ಎಂದು ವಿಮಾನ ಸಂಸ್ಥೆ ಹೇಳಿತು. ಡಿಜಿಸಿಎ ಅದನ್ನು ಒಪ್ಪದೆ 30 ಲಕ್ಷ ರೂಪಾಯಿ ದಂಡ ಹಾಕಿತು. ಚೆನ್ನಾಗಿ ನಡೆಯಬಲ್ಲವರು ಇಮಿಗ್ರೇಷನ್ ಸಾಲು ತಪ್ಪಿಸಲೆಂದು ವೀಲ್‌ಚೇರ್ ಕೇಳಿದರೆ ಯಾರ ಪಾಲಿನದು ಹೋಗುತ್ತದೆ ಎಂಬುದನ್ನೂ ಈ ಸಂದರ್ಭದಲ್ಲಿ ನೆನೆಯಬೇಕು.

ಕೇಳುವ ಕ್ರಮ ಹೀಗೆ. ಟಿಕೆಟ್ ತೆಗೆಸುವಾಗಲೇ, ತಪ್ಪಿದರೆ ಹೊರಡುವ 48 ಗಂಟೆ ಮುಂಚೆ, ಬರವಣಿಗೆಯಲ್ಲಿ ಕೇಳಿ. ವಿಮಾನದವರ ಭಾಷೆಯಲ್ಲಿ ಮೂರು ಸಂಕೇತಗಳಿವೆ. ಮೆಟ್ಟಿಲು ಹತ್ತಬಲ್ಲರು, ದೂರ ನಡೆಯಲಾರರು ಎಂದರೆ ಡಬ್ಲ್ಯುಸಿಎಚ್‌ಆರ್. ಮೆಟ್ಟಿಲೂ ಆಗದು ಎಂದರೆ ಡಬ್ಲ್ಯುಸಿಎಚ್‌ಎಸ್. ಸೀಟಿನವರೆಗೂ ಕರೆದೊಯ್ಯಬೇಕು ಎಂದರೆ ಡಬ್ಲ್ಯುಸಿಎಚ್‌ಸಿ. ನಮ್ಮ ಅತ್ತೆಗೆ ಮೊದಲನೆಯದನ್ನು ಹಾಕಿಸಿದ್ದು ನಮ್ಮದೇ ತಪ್ಪು, ಬೇಕಿದ್ದದ್ದು ಎರಡನೆಯದು. ಸಂಕೇತ ಟಿಕೆಟ್ಟಿನ ಮೇಲೆ ಮೂಡಿದೆಯೇ, ಎಲ್ಲ ಹಂತದ ವಿಮಾನಗಳಿಗೂ ಮೂಡಿದೆಯೇ ನೋಡಿ. ಮರುವರ್ಷ ಅವರು ಹೊರಟಾಗ ಕೊರಳಿಗೆ ಹಾಕುವ ಪ್ಲಾಸ್ಟಿಕ್ ಚೀಲದಲ್ಲಿ ಒಂದು ರಟ್ಟು ಇಟ್ಟೆವು. ಒಂದು ಮುಖದಲ್ಲಿ ದಪ್ಪ ಇಂಗ್ಲಿಷ್ ಅಕ್ಷರದಲ್ಲಿ “ನನಗೆ ಕನ್ನಡ ಮಾತ್ರ ಬರುತ್ತದೆ”, “ಶೌಚಾಲಯಕ್ಕೆ ಹೋಗಬೇಕು”, “ಕುಡಿಯಲು ನೀರು ಬೇಕು”, “ಮಗಳಿಗೆ ಫೋನ್ ಮಾಡಿಕೊಡಿ”. ಇನ್ನೊಂದು ಮುಖದಲ್ಲಿ ಅದೇ ಸಾಲುಗಳು ಅದೇ ಜಾಗದಲ್ಲಿ ಕನ್ನಡದಲ್ಲಿ. ಅವರು ಬೆರಳಿಟ್ಟು ತೋರಿಸಿದರಾಯಿತು.

ಟಿಕೆಟ್ ವಿಷಯದಲ್ಲಿ ಒಂದೇ ಮಾತು ಹೇಳುತ್ತೇನೆ, ಆದರೆ ಗಟ್ಟಿಯಾಗಿ ಹೇಳುತ್ತೇನೆ. ಮನೆಯಿಂದ ಮನೆಯವರೆಗಿನ ಪ್ರಯಾಣ ಒಂದೇ ಪಿಎನ್‌ಆರ್‌ನಲ್ಲಿರಲಿ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಆಗ ಮುಂದಕ್ಕೆ ಕಳಿಸುವ ಹೊಣೆ ಸಂಸ್ಥೆಯದು. ನಾಲ್ಕು ಸಾವಿರ ಉಳಿಯುತ್ತದೆಂದು ಮುಂಬೈವರೆಗೆ ಒಂದು, ಅಲ್ಲಿಂದ ಹುಬ್ಬಳ್ಳಿಗೆ ಇನ್ನೊಂದು ಟಿಕೆಟ್ ತೆಗೆಸಿದರೆ, ಎರಡನೇ ಸಂಸ್ಥೆಯ ಕಣ್ಣಿಗೆ ಅಜ್ಜಿ ಹೊತ್ತಿಗೆ ಸರಿಯಾಗಿ ಬಾರದ ಪ್ರಯಾಣಿಕರು ಅಷ್ಟೇ.

ವಿಮಾನ ತಡವಾದರೆ ಯಾವ ಕಾನೂನು ಎಂಬುದು ಪ್ರಯಾಣ ಎಲ್ಲಿ ಶುರುವಾಯಿತು ಎಂಬುದರ ಮೇಲೆ ನಿಂತಿದೆ. ಜರ್ಮನಿಯಲ್ಲೋ ಐರ್ಲೆಂಡ್‌ನಲ್ಲೋ ಇರುವ ಮಗನ ಮನೆಯಿಂದ ಹೊರಟ ಅಜ್ಜಿ ಮೂರು ಗಂಟೆ ಅಥವಾ ಹೆಚ್ಚು ತಡವಾಗಿ ಬೆಂಗಳೂರು ಮುಟ್ಟಿದರೆ, ಯಾವ ದೇಶದ ವಿಮಾನವೇ ಆಗಿರಲಿ, ಐರೋಪ್ಯ ಒಕ್ಕೂಟದ 2004ರ 261ನೇ ನಿಯಮಾವಳಿಯಂತೆ 600 ಯೂರೋವರೆಗೆ ಪರಿಹಾರ ಕೇಳಬಹುದು. ಬ್ರಿಟನ್‌ನಿಂದ ಹೊರಟರೆ 520 ಪೌಂಡ್‌ವರೆಗೆ. ಬಿರುಗಾಳಿಯಂಥ, ಸಂಸ್ಥೆಯ ಕೈಮೀರಿದ ಕಾರಣಕ್ಕೆ ಇದು ಸಿಗದು. ಅಮೆರಿಕದಿಂದ ಹೊರಟು ಯುರೋಪಿನಲ್ಲಿ ವಿಮಾನ ಬದಲಿಸಿದ ಮಾತ್ರಕ್ಕೂ ಸಿಗದು ಎಂದು ಐರೋಪ್ಯ ನ್ಯಾಯಾಲಯ 2022ರಲ್ಲಿ ಹೇಳಿದೆ. ಅಮೆರಿಕದ ಕಾನೂನಿನಲ್ಲಿ ತಡಕ್ಕೆ ನಿಗದಿತ ಪರಿಹಾರವಿಲ್ಲ. ವಿಮಾನ ರದ್ದಾಗಿ ಅಥವಾ ಆರು ಗಂಟೆಗೂ ಮೀರಿ ತಡವಾಗಿ ನೀವು ಪ್ರಯಾಣವೇ ಬೇಡವೆಂದರೆ ಹಣ ವಾಪಸ್ ಬರಬೇಕು. ದುಬೈಯಿಂದ ಮಂಗಳೂರಿಗೆ ಬರುವವರಿಗೆ ಆಸರೆ ಮಾಂಟ್ರಿಯಲ್ ಒಪ್ಪಂದ.

ಈ ಹೆಸರು ನೆನಪಿಡಿ. 1999ರ ಈ ಅಂತರರಾಷ್ಟ್ರೀಯ ಒಪ್ಪಂದ ಭಾರತಕ್ಕೆ 2009ರಲ್ಲಿ ಅನ್ವಯವಾಯಿತು. 1972ರ ವಾಯು ಸಾಗಣೆ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ಅದು ಸೇರಿದೆ. ತಡದಿಂದ ಆದ ನಷ್ಟ, ವಿಮಾನದೊಳಗೆ ಅಥವಾ ಹತ್ತಿಳಿಯುವಾಗ ಅಪಘಾತದಿಂದ ಆದ ಗಾಯ, ಸಾಮಾನಿಗೆ ಆದ ಹಾನಿ, ಮೂರಕ್ಕೂ ಅಲ್ಲಿ ಹೊಣೆ ಗೊತ್ತುಮಾಡಿದೆ.

ನಮ್ಮವರು ಹೆಚ್ಚು ಕಳೆದುಕೊಳ್ಳುವುದು ಸಾಮಾನಿನಲ್ಲಿ. ಸೂಟ್‌ಕೇಸ್ ಬರಲಿಲ್ಲ, ಇಲ್ಲವೇ ಚಕ್ರ ಮುರಿದು ಬಂತು. ಹೊರಗೆ ಮೊಮ್ಮಕ್ಕಳು ಕಾಯುತ್ತಿದ್ದಾರೆ, ನಾಳೆ ಫೋನ್ ಮಾಡಿದರಾಯಿತು ಎಂದು ಹೊರಬಂದುಬಿಡುತ್ತೇವೆ. ಹಾಗೆ ಬರಬೇಡಿ. ಬೆಲ್ಟ್ ಹತ್ತಿರದ ಕೌಂಟರಿನಲ್ಲೇ ‘ಪ್ರಾಪರ್ಟಿ ಇರೆಗ್ಯುಲಾರಿಟಿ ರಿಪೋರ್ಟ್’, ಅಂದರೆ ಪಿಐಆರ್, ಬರೆಸಿ ಅದರ ಸಂಖ್ಯೆ ತೆಗೆದುಕೊಳ್ಳಿ. ಪೆಟ್ಟಿಗೆಗೆ ಹಾನಿಯಾಗಿದ್ದರೆ ಕೈಗೆ ಬಂದ 7 ದಿನದೊಳಗೆ, ತಡವಾಗಿ ಬಂದಿದ್ದರೆ ಬಂದ 21 ದಿನದೊಳಗೆ ಲಿಖಿತ ದೂರು ಹೋಗಲೇಬೇಕು. ಹೋಗದಿದ್ದರೆ ಹಕ್ಕೇ ಬಿದ್ದುಹೋಗುತ್ತದೆ. ಬರಬೇಕಿದ್ದ ದಿನದಿಂದ 21 ದಿನ ಕಳೆದರೂ ಬಾರದಿದ್ದರೆ ಅದು ಕಳೆದುಹೋದಂತೆಯೇ ಲೆಕ್ಕ. 2024ರ ಡಿಸೆಂಬರ್ 28ರ ಪರಿಷ್ಕರಣೆಯಂತೆ ಸಾಮಾನಿನ ಹೊಣೆಯ ಮಿತಿ ಒಬ್ಬ ಪ್ರಯಾಣಿಕರಿಗೆ 1,519 ಎಸ್‌ಡಿಆರ್. ಇದು ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಘಟಕ, ರೂಪಾಯಿಯಲ್ಲಿ ಒಂದೂವರೆ ಲಕ್ಷಕ್ಕೂ ಮೇಲಾಗುತ್ತದೆ. ಆದರೆ ಅದು ಗರಿಷ್ಠ ಮಿತಿ. ನಷ್ಟ ಎಷ್ಟೆಂದು ನೀವೇ ತೋರಿಸಬೇಕು. ಹೊರಡುವ ಮುನ್ನ ಪೆಟ್ಟಿಗೆ ತೆರೆದಿಟ್ಟು ಮೊಬೈಲಿನಲ್ಲಿ ಒಂದು ಫೋಟೊ ತೆಗೆದರೆ ಅದೇ ಸಾಕ್ಷಿ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನೂ ಒಡವೆಯನ್ನೂ ಮಾತ್ರ ಪೆಟ್ಟಿಗೆಗೆ ಹಾಕಲೇಬೇಡಿ, ಡಾಕ್ಟರ ಚೀಟಿಯೊಂದಿಗೆ ಕೈಚೀಲದಲ್ಲಿರಲಿ.

ದೂರು ಮೊದಲು ವಿಮಾನ ಸಂಸ್ಥೆಗೆ ಇಮೇಲ್ ಆಗಿ ಹೋಗಲಿ. ಸರಿಯಾದ ಉತ್ತರ ಬಾರದಿದ್ದರೆ ಕೇಂದ್ರ ಸರ್ಕಾರದ ಏರ್‌ಸೇವಾ ಜಾಲತಾಣ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲಿಗೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದಮೇಲೆ ದೂರುದಾರರು ವಾಸವಿರುವ ಊರಿನ ಆಯೋಗದಲ್ಲೇ ದಾವೆ ಹಾಕಬಹುದು. ಮಾಂಟ್ರಿಯಲ್ ಒಪ್ಪಂದವೂ ಪ್ರಯಾಣದ ಗಮ್ಯಸ್ಥಾನವಿರುವ ದೇಶದಲ್ಲಿ ದಾವೆಗೆ ಅವಕಾಶ ಕೊಡುತ್ತದೆ. ಮನೆಗೆ ಮರಳುವ ಅಜ್ಜಿಗೆ ಗಮ್ಯಸ್ಥಾನ ಕರ್ನಾಟಕವೇ ತಾನೆ. ವಿಮಾನ ಸಾಗಣೆಯ ಅಂತರರಾಷ್ಟ್ರೀಯ ಒಪ್ಪಂದದ ಮಟ್ಟಿಗೆ ಗ್ರಾಹಕರ ಆಯೋಗವೂ ನ್ಯಾಯಾಲಯವೇ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ತೀರ್ಪಿತ್ತಿದೆ. ವಕೀಲರಿಲ್ಲದೆ ತಾವೇ ವಾದಿಸಬಹುದು, ವಿಡಿಯೊ ಮೂಲಕ ಹಾಜರಾಗಲು ಅರ್ಜಿ ಕೊಡಬಹುದು, ಮಗ ಅಥವಾ ಮಗಳಿಗೆ ಅಧಿಕಾರ ಪತ್ರ ಬರೆದುಕೊಡಬಹುದು. ಗಡುವು ಎರಡು ವರ್ಷ. ಬೇರೆ ವ್ಯಾಜ್ಯಗಳಲ್ಲಿ ವಿಳಂಬ ಮನ್ನಿಸುವುದುಂಟು. ಮಾಂಟ್ರಿಯಲ್ ಒಪ್ಪಂದದಡಿ ಎರಡು ವರ್ಷ ದಾಟಿದರೆ ಪರಿಹಾರದ ಹಕ್ಕೇ ನಂದಿಹೋಗುತ್ತದೆ.

ನಮ್ಮ ಅತ್ತೆಯ ವಿಷಯದಲ್ಲಿ ನಾವು ಸೋತದ್ದು ಕಾಗದದಲ್ಲಿ. ಮನೆಗೆ ಬಂದ ದಿನವೇ ಅವರು ಬೋರ್ಡಿಂಗ್ ಪಾಸುಗಳನ್ನು ಹರಿದು ಕಸಕ್ಕೆ ಹಾಕಿದ್ದರು. ಬ್ಯಾಗಿನ ಚೀಟಿ, ಪಾಸು, ಸಂಸ್ಥೆ ಕಳಿಸಿದ ಸಂದೇಶ ಎಲ್ಲವನ್ನೂ ಎರಡು ವರ್ಷ ಒಂದು ಕವರಿನಲ್ಲಿ ಇಟ್ಟಿರಿ.

ಕೋರ್ಟು ಕಚೇರಿ ಎಂದರೆ ಹೆದರುವವರಿಗೆ ಇನ್ನೊಂದು ದಾರಿಯಿದೆ. ವಿಮಾನ ಪ್ರಯಾಣ ‘ಸಾರ್ವಜನಿಕ ಉಪಯುಕ್ತ ಸೇವೆ’ಯಾದ್ದರಿಂದ ಖಾಯಂ ಜನತಾ ನ್ಯಾಯಾಲಯಕ್ಕೆ, ಬೇರೆಲ್ಲೂ ದಾವೆ ಹೂಡುವ ಮುನ್ನ, ಶುಲ್ಕವಿಲ್ಲದೆ ಅರ್ಜಿ ಕೊಡಬಹುದು. ರಾಜಿಯಾಗದಿದ್ದರೂ ಅದು ತೀರ್ಮಾನ ಕೊಡಬಲ್ಲದು. ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿಯೊಂದಿದೆ: 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಂತೆ ಮಹಿಳೆಯರಿಗೆ ಆದಾಯದ ಮಿತಿಯೇ ಇಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಮಗ ಡಾಲರಿನಲ್ಲಿ ಸಂಬಳ ಎಣಿಸುತ್ತಿದ್ದರೂ ಅಜ್ಜಿಯ ಈ ಹಕ್ಕಿಗೆ ಚ್ಯುತಿಯಿಲ್ಲ. 15100ಕ್ಕೆ ಕರೆ ಮಾಡಿ, ಇಲ್ಲವೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋಗಿ. ಗುರುತಿನ ಚೀಟಿಯನ್ನೂ ಆ ಕವರನ್ನೂ ಕೊಂಡೊಯ್ಯಿರಿ. ಅರ್ಜಿ ಕನ್ನಡದಲ್ಲೇ ಬರೆಯಬಹುದು. ಸಹಿ ಹಾಕಲು ಕೈ ನಡುಗಿದರೆ ಹೆಬ್ಬೆಟ್ಟು ಒತ್ತಿದರೂ ನಡೆಯುತ್ತದೆ.