ಸೊಪ್ಪೂ ಬೇಕು, ಮಾತ್ರೆಯೂ ಬೇಕು



ಮಳೆಗಾಲದಲ್ಲಿ ಕೊಡಗಿನ ತೊರೆಗಳ ದಂಡೆಯಲ್ಲಿ ಸುರುಳಿ ಸುತ್ತಿದ ಚಿಗುರುಗಳು ತಲೆಯೆತ್ತುತ್ತವೆ. ಅಲ್ಲಿಯವರು ಪಲ್ಯಕ್ಕೆ ಬಳಸುವ ತೆರ್ಮೆ ಸೊಪ್ಪು ಇದೇ. ಹೂವು, ಬೀಜಗಳಿಲ್ಲದ ಜರೀಗಿಡಗಳ ವರ್ಗಕ್ಕೆ ಇದು ಸೇರಿದೆ. ಇದೇ ವರ್ಗದ ಒಂದು ಬಳ್ಳಿಯಿಂದ ನಾವು ಕಲಿಯಬೇಕಾದ ಪಾಠವೊಂದಿದೆ.

ಬಳ್ಳಿ ಜರೀಗಿಡ

ಮಲೇಷ್ಯಾ, ಇಂಡೋನೇಷ್ಯಾ ದೇಶಗಳ ಜೌಗು ನೆಲದಲ್ಲಿ ಈ ಬಳ್ಳಿ ಹೇರಳವಾಗಿ ಬೆಳೆಯುತ್ತದೆ. ನೆಲದ ಮೇಲೆ ಹಬ್ಬಿ, ಮರ ದೊರೆತರೆ ಅದನ್ನು ಅಪ್ಪಿಕೊಂಡು ಮೇಲೇರುತ್ತದೆ. ಇದರ ಚಿಗುರು ಕೆಂಪು, ಬಲಿತ ಎಲೆ ಹಸಿರು. ಸರವಾಕ್ ಪ್ರಾಂತದಲ್ಲಿ ಇದಕ್ಕೆ 'ಮಿದಿನ್' ಎಂದೂ, ಕಾಲಿಮಂತಾನ್‌ನಲ್ಲಿ 'ಕೆಲಕಾಯ್' ಎಂದೂ ಹೆಸರು. ಎಳೆಯ ಚಿಗುರನ್ನು ಮಾತ್ರ ಮುರಿದು, ತೊಳೆದು, ಬೆಳ್ಳುಳ್ಳಿಯೊಡನೆ ಹುರಿದು ಅನ್ನದ ಜೊತೆ ಉಣ್ಣುತ್ತಾರೆ. ಕಾಲಿಮಂತಾನ್‌ನ ದಾಯಕ್ ಜನರು ಇದು ರಕ್ತವನ್ನು ಹೆಚ್ಚಿಸುವುದೆಂದು ನಂಬಿ ಬಾಣಂತಿಯರಿಗೆ ಬಡಿಸುತ್ತಾರೆ.

ನಂಬಿಕೆಯಲ್ಲಿ ನಿಜವೆಷ್ಟು?

ಸೊಪ್ಪುಗಳಲ್ಲಿ ಕಬ್ಬಿಣಾಂಶವಿರುವುದು ನಿಜ. ಆದರೆ ಸಸ್ಯಗಳ ಕಬ್ಬಿಣದಲ್ಲಿ ಸ್ವಲ್ಪ ಭಾಗವನ್ನು ಮಾತ್ರ ನಮ್ಮ ದೇಹವು ಹೀರಿಕೊಳ್ಳುತ್ತದೆ. ನಿಂಬೆರಸ ಅಥವಾ ನೆಲ್ಲಿಕಾಯಿ ಜೊತೆಗಿದ್ದರೆ ಹೆಚ್ಚು ದೊರೆಯುತ್ತದೆ. ಊಟದೊಡನೆ ಚಹಾ, ಕಾಫಿ ಕುಡಿದರೆ ಕಡಿಮೆಯಾಗುತ್ತದೆ.

"ದಿನಾ ಸೊಪ್ಪು ತಿನ್ನುತ್ತೇನಲ್ಲ ಡಾಕ್ಟರೇ, ಮಾತ್ರೆ ಏತಕ್ಕೆ?" ಎಂದು ಗರ್ಭಿಣಿಯರು ನಮ್ಮನ್ನು ಕೇಳುವುದುಂಟು. ಬಸುರಿನಲ್ಲಿ ಶಿಶುವಿಗೂ ತಾಯಿಗೂ ಬೇಕಾಗುವಷ್ಟು ಕಬ್ಬಿಣವನ್ನು ಸೊಪ್ಪೊಂದರಿಂದಲೇ ಪಡೆಯಲಾಗದು. ತೀವ್ರವಾಗಿ ರಕ್ತಹೀನಳಾದ ತಾಯಿಯು ಹೆರಿಗೆಯಲ್ಲಿ ಆಗುವ ಸಾಧಾರಣ ರಕ್ತಸ್ರಾವವನ್ನೂ ತಾಳಲಾರದೆ ಹೋಗಬಹುದು. ಇಲ್ಲಿ ಪ್ರಾಣದ ಪ್ರಶ್ನೆಯಿದೆ.

ಗರ್ಭಿಣಿಯ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆಯನ್ನು ನುಂಗಬೇಕು. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಇದು ಉಚಿತ. ಮಲ ಕಪ್ಪಾದರೆ ಹೆದರಬೇಡಿ. ಓಕರಿಕೆ ಬಂದರೆ ರಾತ್ರಿ ಊಟದ ಬಳಿಕ ನುಂಗಿ. ನೀವಾಗಿಯೇ ಮಾತ್ರೆಯನ್ನು ನಿಲ್ಲಿಸಬೇಡಿ.

ಎಚ್ಚರಿಕೆ

ಎಲ್ಲ ಜರೀಗಿಡಗಳೂ ಆಹಾರವಲ್ಲ. ಬೆಟ್ಟಗುಡ್ಡಗಳಲ್ಲಿ ಬೆಳೆಯುವ 'ಬ್ರೇಕನ್' ಎಂಬ ಜಾತಿಯನ್ನು ಬಹುಕಾಲ ಮೇದ ದನಗಳ ಮೂತ್ರದಲ್ಲಿ ರಕ್ತ ಕಾಣಿಸುತ್ತದೆ. ಅದರಲ್ಲಿ ಕ್ಯಾನ್ಸರ್ ತರಬಲ್ಲ ವಿಷಾಂಶವಿದೆ. ಆದುದರಿಂದ ಹಿರಿಯರು ಗುರುತಿಸಿ ತಿನ್ನುತ್ತ ಬಂದ ಸೊಪ್ಪನ್ನು ಮಾತ್ರ ಕೊಯ್ಯಿರಿ. ಹಸಿಯಾಗಿ ತಿನ್ನದೆ ಚೆನ್ನಾಗಿ ಬೇಯಿಸಿರಿ.

ಪತಿಯ ಕರ್ತವ್ಯ

ಸೊಪ್ಪು ತರುವುದಷ್ಟೇ ಪತಿಯ ಕೆಲಸವಲ್ಲ. ಪತ್ನಿಯನ್ನು ರಕ್ತಪರೀಕ್ಷೆಗೆ ಕರೆತನ್ನಿ. ಅಂದಿನ ಮಾತ್ರೆ ಆಯಿತೇ ಎಂದು ಪ್ರತಿರಾತ್ರಿ ವಿಚಾರಿಸಿ. ಎಲ್ಲರ ಊಟವಾದ ಮೇಲೆ ಉಳಿದದ್ದನ್ನು ಆಕೆ ಉಣ್ಣುವ ಪದ್ಧತಿ ನಿಮ್ಮ ಮನೆಯಲ್ಲಿದ್ದರೆ ಇಂದೇ ಬಿಡಿ. ಅವಳ ತಟ್ಟೆಗೆ ಮೊದಲು ಬಡಿಸಿ.

ನೆನಪಿಡಿ: ಸೊಪ್ಪು ಊಟಕ್ಕೆ, ಮಾತ್ರೆ ರಕ್ತಕ್ಕೆ. ತಾಯಿಗೆ ಎರಡೂ ಬೇಕು.