ಎಲೆ ಉದುರುವ ಕಾಲ ಯಾವುದು?



ಕಿರುಪರೀಕ್ಷೆಯಲ್ಲಿ 'ಮರಗಳು ಎಲೆ ಉದುರಿಸುವ ಕಾಲ ಯಾವುದು?' ಎಂಬ ಪ್ರಶ್ನೆ ಬಂದಿತ್ತು. ನಾನು 'ಶರತ್ಕಾಲ' ಎಂದು ಬರೆದೆ. ಇಂಗ್ಲಿಷ್ ಪಾಠದಲ್ಲಿ 'ಆಟಮ್' ಬಂದಾಗ ಎಲೆ ಉದುರುತ್ತದೆ ಎಂದಿತ್ತು. ನಿಘಂಟಿನಲ್ಲಿ ಆಟಮ್ ಎಂದರೆ ಶರತ್ಕಾಲ ಎಂದಿತ್ತು. ಆದರೂ ಮೇಷ್ಟ್ರು ಸೊನ್ನೆ ಹಾಕಿದರು.

ಮನೆಗೆ ಬಂದು ಅಜ್ಜಿಗೆ ಹೇಳಿದೆ. ಅಜ್ಜಿ ನಕ್ಕುಬಿಟ್ಟಳು. "ಆಯುಧಪೂಜೆ ಹೊತ್ನಾಗೆ ಯಾವ ಮರ ಎಲೆ ಉದುರುಸ್ತೈತೆ ಮಗಾ? ಎಲೆ ಉದುರೋದು ಶಿವರಾತ್ರಿ ಸುತ್ತಮುತ್ತ" ಅಂದಳು. ಮಾರನೇ ದಿನ ಮೇಷ್ಟ್ರಿಗೆ ಇದನ್ನು ಹೇಳಿದಾಗ ಅವರು, "ನಿಘಂಟು ಸರಿಯೋ ನಿಮ್ಮಜ್ಜಿ ಸರಿಯೋ, ಬೆಟ್ಟ ಹತ್ತಿ ನೋಡು. ನೋಡಿದ್ದನ್ನು ಬರಿ, ಮಾರ್ಕ್ಸ್ ಕೊಡ್ತೀನಿ" ಎಂದರು. ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಬೆಟ್ಟ ದೇವರಾಯನದುರ್ಗ. ತುಮಕೂರಿನಿಂದ ಸುಮಾರು ೧೫ ಕಿ.ಮೀ. ದೂರ, ಸಮುದ್ರಮಟ್ಟದಿಂದ ಸುಮಾರು ೧೨೦೦ ಮೀಟರ್ ಎತ್ತರ. ಇದರ ಸುತ್ತ ಇರುವುದು ಎಲೆ ಉದುರಿಸುವ ಒಣಕಾಡು. ದಸರಾ ರಜೆಯಲ್ಲಿ ಅಣ್ಣನ ಜೊತೆ ಮೊದಲ ಸಲ ಹೋದೆ. ಅದು ಆಶ್ವಯುಜ ಮಾಸ, ಅಂದರೆ ಶರದೃತು. ನಮ್ಮ ಕಡೆ ಹೆಚ್ಚು ಮಳೆ ಬೀಳುವುದೇ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಬೆಟ್ಟವೆಲ್ಲ ಹಸಿರೋ ಹಸಿರು. ಹುಡುಕಿದರೂ ನನ್ನ ಉತ್ತರಕ್ಕೆ ಸಾಕ್ಷಿ ಸಿಗಲಿಲ್ಲ.

ಎರಡನೇ ಸಲ ಹೋಗಿದ್ದು ರಥಸಪ್ತಮಿ ಆದಮೇಲೆ. ಮೇಷ್ಟ್ರು ಮತ್ತು ನಾವು ಹನ್ನೆರಡು ಜನ, ಬುತ್ತಿ ಕಟ್ಟಿಕೊಂಡು ಬೆಳಿಗ್ಗೆಯೇ ಹೊರಟೆವು. ಅದೇ ಬೆಟ್ಟವೋ ಅಲ್ಲವೋ ಎನ್ನುವ ಹಾಗಿತ್ತು! ದಿಂಡಿಗದ ಎಲೆಗಳು ತಾಮ್ರದ ಬಣ್ಣಕ್ಕೆ ತಿರುಗಿದ್ದವು. ಕೆಲವು ಮರ ಹಳದಿ, ಕೆಲವು ಕಂದು. ಮುತ್ತುಗದ ಎಲೆ ಉದುರಿ ಬೋಳು ಕೊಂಬೆಯಲ್ಲಿ ಕೆಂಡದಂಥ ಹೂ ಬಿಡಲು ಶುರುವಾಗಿತ್ತು. ಕಾಲಿಟ್ಟಲ್ಲೆಲ್ಲ ತರಗೆಲೆ ಚರಚರ ಅನ್ನುತ್ತಿತ್ತು. ಅಜ್ಜಿಯೇ ಗೆದ್ದಳು. ಮಾಘ, ಫಾಲ್ಗುಣ ಮಾಸಗಳು ಶಿಶಿರ ಋತು. ನಮ್ಮಲ್ಲಿ ಎಲೆ ಉದುರುವ ಕಾಲ ಅದೇ.

ಹಾಗಾದರೆ ಇಂಗ್ಲಿಷ್ ಪಾಠ ಸುಳ್ಳೇ? ಅಲ್ಲ. ಬಂಡೆಯ ನೆರಳಿನಲ್ಲಿ ಬುತ್ತಿ ಬಿಚ್ಚಿದಾಗ ಮೇಷ್ಟ್ರು ಹೀಗೆ ವಿವರಿಸಿದರು. ಎಲೆಗಳಿಂದ ನೀರು ಸದಾ ಆವಿಯಾಗಿ ಹೋಗುತ್ತಿರುತ್ತದೆ. ಇದೇ ಬಾಷ್ಪವಿಸರ್ಜನೆ. ಬೇರಿಗೆ ನೀರು ಸಿಗದಿದ್ದಾಗ ಎಲೆ ಇಟ್ಟುಕೊಂಡರೆ ಮರಕ್ಕೆ ನಷ್ಟ. ಅಮೆರಿಕದ ಈಶಾನ್ಯ ಭಾಗ, ಜಪಾನ್, ನಮ್ಮ ಕಾಶ್ಮೀರ ಇಂಥ ಕಡೆ ಚಳಿಗಾಲದಲ್ಲಿ ಮಣ್ಣಿನ ನೀರು ಹೆಪ್ಪುಗಟ್ಟುತ್ತದೆ. ಹಗಲು ಚಿಕ್ಕದಾಗುತ್ತಾ ಬಂದಂತೆ ಅಲ್ಲಿನ ಮರಗಳು ಮೊದಲೇ ಸಿದ್ಧವಾಗುತ್ತವೆ. ಅಕ್ಟೋಬರ್, ನವೆಂಬರ್‌ನಲ್ಲಿ ಕಾಶ್ಮೀರದ ಚಿನಾರ್ ಮರಗಳು ಕೆಂಪಾಗಿ ಎಲೆ ಉದುರಿಸುತ್ತವೆ. ಅದನ್ನು ನೋಡಲೆಂದೇ ಜನ ಹೋಗುತ್ತಾರೆ. ನಮ್ಮಲ್ಲಿ ಮಣ್ಣು ಹೆಪ್ಪುಗಟ್ಟುವುದಿಲ್ಲ, ಆದರೆ ಮಳೆ ನಿಂತ ಮೇಲೆ ಒಣಗುತ್ತದೆ. ಕಾರಣ ಒಂದೇ, ಕಾಲ ಮಾತ್ರ ಬೇರೆ.

ಎಲೆಯ ಬಣ್ಣ ಯಾಕೆ ಬದಲಾಗುತ್ತದೆ? ಹಸಿರು ಬಣ್ಣಕ್ಕೆ ಕಾರಣ ಪತ್ರಹರಿತ್ತು. ಉದುರುವ ಮೊದಲು ಮರ ಈ ಪತ್ರಹರಿತ್ತನ್ನು ಒಡೆದು, ಎಲೆಯಲ್ಲಿರುವ ಸಾರಜನಕದಂಥ ಸತ್ವವನ್ನು ಕೊಂಬೆಗೆ ವಾಪಸ್ ಎಳೆದುಕೊಳ್ಳುತ್ತದೆ. ಆಗ ಅಡಗಿದ್ದ ಹಳದಿ ಬಣ್ಣ ಕಾಣುತ್ತದೆ. ಅದು ಕ್ಯಾರೊಟಿನಾಯ್ಡ್, ಕ್ಯಾರೆಟ್ಟಿನಲ್ಲಿರುವ ಬಣ್ಣದ ಜಾತಿಯದು. ಕೆಂಪು ಬಣ್ಣ ಆಂಥೋಸಯನಿನ್. ಇದನ್ನು ಮರ ಹೊಸದಾಗಿ ತಯಾರಿಸುತ್ತದೆ. ಮಾವಿನ ಚಿಗುರು ಕೆಂಪಾಗಿರುವುದೂ ಇದರಿಂದಲೇ. ಇಷ್ಟು ನೋಡಲು ಬೆಟ್ಟಕ್ಕೇ ಹೋಗಬೇಕೆಂದಿಲ್ಲ. ಶಾಲೆಯ ಮುಂದಿನ ಬಾದಾಮಿ ಮರದ ಕೆಳಗೆ ನೋಡಿದರೂ ಆಯಿತು.

ಎಲೆಯನ್ನು ಗಾಳಿ ಕಿತ್ತು ಹಾಕುತ್ತದೆ ಎಂದು ನಾನು ತಿಳಿದಿದ್ದೆ. ಅದೂ ತಪ್ಪು. ತೊಟ್ಟಿನ ಬುಡದಲ್ಲಿ ಮರವೇ ಒಂದು ತೆಳು ಪದರ ಬೆಳೆಸಿ ಎಲೆಯನ್ನು ಬಿಡಿಸುತ್ತದೆ, ಗಾಯವನ್ನೂ ಮುಚ್ಚಿಕೊಳ್ಳುತ್ತದೆ. ಆಡಿಗೆಂದು ಕಡಿದ ಹಸಿ ಕೊಂಬೆಯನ್ನು ನೋಡಿ. ಎಲೆ ಒಣಗಿದರೂ ಕೊಂಬೆಗೇ ಅಂಟಿಕೊಂಡಿರುತ್ತದೆ. ಯಾಕೆಂದರೆ ಆ ಪದರ ಬೆಳೆಸಲು ಜೀವ ಬೇಕು.

ನೀವೂ ಮಾಡಿ ನೋಡಿ: ಹಸಿರು ಎಲೆಯನ್ನು ಚೆನ್ನಾಗಿ ಜಜ್ಜಿ ಲೋಟಕ್ಕೆ ಹಾಕಿ, ಮುಳುಗುವಷ್ಟು ಸ್ಪಿರಿಟ್ ಸುರಿಯಿರಿ. ಅರ್ಧ ಗಂಟೆ ಬಿಟ್ಟು, ಬ್ಲಾಟಿಂಗ್ ಪೇಪರಿನ ಪಟ್ಟಿಯ ತುದಿಯನ್ನು ಅದರಲ್ಲಿ ಅದ್ದಿ ನಿಲ್ಲಿಸಿ. ಬಣ್ಣ ಮೇಲೇರಿ ಹಸಿರು ಬೇರೆ, ಹಳದಿ ಬೇರೆ ಪಟ್ಟೆಯಾಗುತ್ತದೆ. (ಸ್ಪಿರಿಟ್ಟಿಗೆ ಬೇಗ ಬೆಂಕಿ ಹತ್ತುತ್ತದೆ. ಮೇಷ್ಟ್ರು ಇರುವಾಗ ಮಾತ್ರ ಮಾಡಿ.)

ಇನ್ನೊಂದು ವಿಷಯ ಹೇಳಲೇಬೇಕು. ಇಳಿಯುವಾಗ ದಾರಿ ಬದಿಯಲ್ಲಿ ಬೆಂಕಿ ಬಿದ್ದು ಸುಟ್ಟ ಜಾಗ ಸಿಕ್ಕಿತು. ಮೇಷ್ಟ್ರು ಅಲ್ಲಿಯ ಮಣ್ಣನ್ನು ಮುಟ್ಟಿ ನೋಡಿ ಎಂದರು. ಗಟ್ಟಿಯಾಗಿ, ಬಿಸಿಯಾಗಿತ್ತು. ಹತ್ತು ಹೆಜ್ಜೆ ಆಚೆ ತರಗೆಲೆ ಸರಿಸಿ ಕೈ ಇಟ್ಟರೆ ತಣ್ಣಗೆ, ಮೆತ್ತಗೆ. ಬಿದ್ದ ಎಲೆ ಮಣ್ಣಿಗೆ ಹೊದಿಕೆ. ಮಳೆನೀರನ್ನು ತಡೆದು ನೆಲದೊಳಕ್ಕೆ ಇಳಿಸುತ್ತದೆ, ಕೊಳೆತು ಗೊಬ್ಬರವಾಗುತ್ತದೆ. ಶಿಂಷಾ ಮತ್ತು ಜಯಮಂಗಲಿ ಹುಟ್ಟುವುದು ಇದೇ ಬೆಟ್ಟಗಳಲ್ಲಿ. ನಾಮದ ಚಿಲುಮೆ ಇರುವುದೂ ಇದರ ತಪ್ಪಲಿನಲ್ಲೇ.

ಆಗ ನಾನು ಮಾತಾಡಲಿಲ್ಲ. ಹೋದ ವರ್ಷ ಆಡು ಮೇಯಿಸಲು ಹೋದಾಗ ನಾನೂ ಇಬ್ಬರು ಗೆಳೆಯರೂ ತಮಾಷೆಗೆ ತರಗೆಲೆಗೆ ಕಡ್ಡಿ ಗೀರಿದ್ದೆವು. ಗಾಳಿ ಬಂದು ಬೆಂಕಿ ಪೊದೆಗೆ ಹತ್ತಿತು. ನಾವು ಹೆದರಿ ಓಡಿಬಂದೆವು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಊರಿಗೆ ಬಂದ ಮೇಲೆ ಮೇಷ್ಟ್ರಿಗೆ ಹೇಳಿದೆ. ಅವರು ಬಯ್ಯಲಿಲ್ಲ. "ಅದನ್ನೂ ಬರಿ" ಎಂದರು. ಬರೆದಿದ್ದೇನೆ.

ಈಗ ಬೇಸಿಗೆ ಹತ್ತಿರ ಬಂತು. ಆಡು, ದನ ಹೊಡೆದುಕೊಂಡು ಹೋಗುವವರು ಬೆಂಕಿಪೊಟ್ಟಣ ಮನೆಯಲ್ಲೇ ಬಿಟ್ಟು ಹೋಗಿ. ನಿಮ್ಮ ಮನೆ ಹತ್ತಿರದ ಅರಳಿ, ಹೊಂಗೆ, ಬೇವು ಯಾವ ತಿಂಗಳು ಎಲೆ ಉದುರಿಸುತ್ತವೆ, ಯಾವ ತಿಂಗಳು ಚಿಗುರುತ್ತವೆ ಎಂದು ಚೀಟಿಯಲ್ಲಿ ಬರೆದು ಈ ಪತ್ರಿಕೆಯ ಕೆಳಗೆ ಅಂಟಿಸಿ. ಯುಗಾದಿ ಆದಮೇಲೆ ಎಲ್ಲ ಸೇರಿಸಿ ಒಂದು ಪಟ್ಟಿ ಮಾಡೋಣ. ನಿಮಗೆ ಗೊತ್ತಿಲ್ಲದಿದ್ದರೆ ಮನೆಯಲ್ಲಿ ಅಜ್ಜಿಯನ್ನು ಕೇಳಿ.

— ೯ನೇ ತರಗತಿಯ ವಿದ್ಯಾರ್ಥಿ