ಕೇಳಿ ಹಾಕಿಸಿಕೊಳ್ಳಮ್ಮ

ಮಗಳೇ, ನೀನು ಬಸುರಿಯಾದಾಗಿನಿಂದ ಬುದ್ಧಿ ಹೇಳದವರೇ ಇಲ್ಲ. ಪಪ್ಪಾಯ ತಿನ್ನಬೇಡ, ಗ್ರಹಣ ನೋಡಬೇಡ ಎಂದೆಲ್ಲ ಕೇಳಿ ಕೇಳಿ ಸಾಕಾಗಿರಬೇಕು. ಆದರೂ ನನ್ನದೊಂದು ಮಾತಿರಲಿ: ಫ್ಲೂ ಲಸಿಕೆ ಹಾಕಿಸಿಕೋ.

"ಥಂಡಿ ಜ್ವರಕ್ಕೆಲ್ಲ ಇಂಜೆಕ್ಷನ್ ಯಾಕೆ, ಮೆಣಸಿನ ಕಷಾಯ ಸಾಲದೇ?" ಎಂದು ನಿಮ್ಮತ್ತೆ ಕೇಳಬಹುದು. ನೆಗಡಿಗಾದರೆ ಸಾಕು. ಫ್ಲೂ ಬೇರೆಯೇ ರೋಗ. ಗರ್ಭ ಬೆಳೆದಂತೆ ಶ್ವಾಸಕೋಶಕ್ಕೆ ಜಾಗ ಕಡಿಮೆಯಾಗುತ್ತದೆ, ಹೃದಯದ ದುಡಿಮೆ ಹೆಚ್ಚುತ್ತದೆ. ಬೇರೆಯವರಿಗೆ ವಾರದಲ್ಲಿ ಬಿಡುವ ಜ್ವರ ಬಸುರಿಯರಲ್ಲಿ ನ್ಯುಮೋನಿಯಾಕ್ಕೆ ತಿರುಗುವುದುಂಟು. 2009ರಲ್ಲಿ ಎಚ್1ಎನ್1 ಹರಡಿದಾಗ ಬಸುರಿಯರಿಗೆ ಎಷ್ಟು ಅಪಾಯವಿದೆ ಎಂಬುದನ್ನು ಲೋಕವೇ ಕಂಡಿತು.

ಮಗುವಿನ ವಿಚಾರ ಇನ್ನೂ ದೊಡ್ಡದು. ಆರು ತಿಂಗಳು ತುಂಬುವವರೆಗೆ ಕೂಸಿಗೆ ಈ ಲಸಿಕೆ ಕೊಡುವಂತಿಲ್ಲ. ಆ ತಿಂಗಳುಗಳು ನಮ್ಮ ಮನೆಗಳಲ್ಲಿ ಹೇಗಿರುತ್ತವೆ ಗೊತ್ತಲ್ಲ! ತೊಟ್ಟಿಲಿಗೆ ಹಾಕುವ ದಿನ ಊರೆಲ್ಲ ಸೇರುತ್ತದೆ; ಕೆಮ್ಮುತ್ತಲೇ ಬಂದವರು ಕೂಸನ್ನೆತ್ತಿ ಕೆನ್ನೆಗೆ ಮುತ್ತಿಡುತ್ತಾರೆ. ಬೇಡವೆನ್ನಲು ಬಾಣಂತಿಗೆ ಬಾಯಿ ಬರುವುದಿಲ್ಲ. ನೀನು ಈಗ ಚುಚ್ಚಿಸಿಕೊಂಡರೆ ನಿನ್ನ ಮೈಯಲ್ಲಿ ಹುಟ್ಟುವ ಪ್ರತಿಕಾಯಗಳು ಮಾಸಿನ ಮೂಲಕ ಹೊಟ್ಟೆಯಲ್ಲಿರುವ ಕೂಸಿಗೂ ಸೇರುತ್ತವೆ. ಹುಟ್ಟಿದ ಮೊದಲ ಕೆಲವು ತಿಂಗಳು ಅವೇ ಅದಕ್ಕೆ ಕಾವಲು.

ಹೆದರಬೇಡ. ಇಂಜೆಕ್ಷನ್‌ನಲ್ಲಿ ಜೀವಂತ ವೈರಸ್ ಇಲ್ಲ, ಅದರಿಂದ ಫ್ಲೂ ಬರುವುದಿಲ್ಲ. ಒಂದೆರಡು ದಿನ ತೋಳು ನೋಯಬಹುದು, ಮೈ ಬೆಚ್ಚಗಾಗಬಹುದು. ಮೂಗಿಗೆ ಸಿಂಪಡಿಸುವ ಲಸಿಕೆ ಮಾತ್ರ ಬಸುರಿಯರಿಗಲ್ಲ. ಗರ್ಭದ ಯಾವ ಹಂತದಲ್ಲಾದರೂ ಹಾಕಿಸಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ; ನಮ್ಮ ಹೆರಿಗೆ ವೈದ್ಯರು ಸಾಮಾನ್ಯವಾಗಿ 26 ವಾರ ಕಳೆದ ಮೇಲೆ ಕೊಡುತ್ತಾರೆ. ಗುಣ ಹಿಡಿಯಲು ಎರಡು ವಾರ ಬೇಕು, ಹಾಗಾಗಿ ಮಳೆಗಾಲ ಹತ್ತಿರವಾಗುತ್ತಿದ್ದರೆ ತಡಮಾಡಬೇಡ. ಮೊದಲ ಬಸುರಿನಲ್ಲಿ ಹಾಕಿಸಿದ್ದೆ ಅನ್ನಬೇಡ. ವೈರಸ್ ವೇಷ ಬದಲಿಸುತ್ತಲೇ ಇರುತ್ತದೆ, ಲಸಿಕೆಯೂ ಹೊಸದಾಗುತ್ತದೆ.

ಧನುರ್ವಾಯುವಿನ ಟಿ.ಡಿ. ಇಂಜೆಕ್ಷನ್ ರಾಷ್ಟ್ರೀಯ ಲಸಿಕಾ ಪಟ್ಟಿಯಲ್ಲಿದೆ, ನರ್ಸಮ್ಮನೇ ಕರೆದು ಹಾಕುತ್ತಾರೆ. ಫ್ಲೂ ಲಸಿಕೆ ಆ ಪಟ್ಟಿಯಲ್ಲಿಲ್ಲ. ಸಾಮಾನ್ಯವಾಗಿ ದುಡ್ಡು ಕೊಟ್ಟೇ ಹಾಕಿಸಬೇಕು, ನೆನಪಿಸುವವರೂ ಕಡಿಮೆ. ಬಡವರ ಮನೆಯ ಬಸುರಿಗೂ ಇದು ಉಚಿತವಾಗಿ ಸಿಗಬೇಕಿತ್ತು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮುಂದಿನ ತಪಾಸಣೆಗೆ ಹೋದಾಗ ತಾಯಿ ಕಾರ್ಡ್ ಮುಂದಿಟ್ಟು ಡಾಕ್ಟರನ್ನು ಬಾಯಿಬಿಟ್ಟು ಕೇಳು. ಹಿಂದೆ ಯಾವುದಾದರೂ ಲಸಿಕೆ ಮೈಗೆ ಒಗ್ಗದಿದ್ದರೆ ಅದನ್ನೂ ಹೇಳು. ಇಷ್ಟಾಗಿಯೂ ಜ್ವರ, ಕೆಮ್ಮು, ಉಬ್ಬಸ ಕಾಣಿಸಿಕೊಂಡರೆ ಅವತ್ತೇ ಆಸ್ಪತ್ರೆಗೆ ಹೋಗು. ಫ್ಲೂ ಔಷಧಿ ಮೊದಲ ಎರಡು ದಿನದೊಳಗೆ ಶುರುವಾದರೆ ಹೆಚ್ಚು ಫಲ ಕೊಡುತ್ತದೆ.